ಕಡಲ ದಂಡೆಯ ಮನೆ

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಕಾರ್ನ್‌ವಾಲ್ ಎಂಬ ಪ್ರಾಂತವು ಕಡಲಿನೊಳಕ್ಕೆ ಚಾಚಿಕೊಂಡಿದೆ. ಅದರ ಉತ್ತರ ತೀರದಲ್ಲಿ ಸೇಂಟ್ ಐವ್ಸ್ ಎಂಬ ಸಣ್ಣ ಊರಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಬೆಸ್ತರ ಊರಾಗಿದ್ದಿತು. ನಮ್ಮ ಕರಾವಳಿಯ ಬೂತಾಯಿಯ ಬಳಗಕ್ಕೆ ಸೇರಿದ ಪಿಲ್‌ಚರ್ಡ್ ಎಂಬ ಮೀನು ಅಲ್ಲಿನವರ ಜೀವನಾಧಾರ. ಗುಡ್ಡದ ಮೇಲೆ ಕಾವಲುಗಾರನೊಬ್ಬನು ಕುಳಿತು ಕೊಲ್ಲಿಯನ್ನೇ ದಿಟ್ಟಿಸುತ್ತಿದ್ದನು. ಮೀನಿನ ಹಿಂಡು ಬರುವುದು ಕಂಡೊಡನೆ ಕೂಗಿ ಊರಿಗೆ ತಿಳಿಸುತ್ತಿದ್ದನು. 1877ರಲ್ಲಿ ಅಲ್ಲಿಗೆ ರೈಲುದಾರಿ ಬಂದಿತು. ಆ ಬಳಿಕ ಲಂಡನ್ನಿನ ಅನುಕೂಲಸ್ಥರು ಬೇಸಗೆಯನ್ನು ಕಳೆಯಲು ಅಲ್ಲಿಗೆ ಬರತೊಡಗಿದರು.

ಊರಿನ ಮೇಲಣ ಇಳಿಜಾರಿನಲ್ಲಿ ಟಾಲಂಡ್ ಹೌಸ್ ಎಂಬ ಮನೆಯೊಂದಿದೆ. ಅದರ ಕಿಟಕಿಗಳಲ್ಲಿ ನಿಂತರೆ ಇಡೀ ಕೊಲ್ಲಿಯು ಕಾಣುತ್ತಿದ್ದಿತು. ಕೊಲ್ಲಿಯ ಆಚೆಯ ಅಂಚಿನಲ್ಲಿ ಗಾಡ್ರೆವಿ ಎಂಬ ಬಂಡೆದ್ವೀಪ; ಅದರ ಮೇಲೆ ಬಿಳಿಯ ದೀಪಸ್ತಂಭ. 1854ರಲ್ಲಿ ನೈಲ್ ಎಂಬ ಹಡಗು ಆ ಬಂಡೆಗಳಿಗೆ ಬಡಿದು, ಅದರಲ್ಲಿದ್ದವರೆಲ್ಲರೂ ನೀರುಪಾಲಾದರು. ಆ ದುರಂತದ ತರುವಾಯ ಕಟ್ಟಿದ ಸ್ತಂಭವದು. 1859ರಲ್ಲಿ ಅದರ ದೀಪ ಮೊದಲು ಬೆಳಗಿತು. ಮುಂದೆ ಈ ದೀಪವೂ ಈ ಮನೆಯೂ ಇಂಗ್ಲಿಷ್ ಸಾಹಿತ್ಯದಲ್ಲಿ ಸ್ಥಿರವಾದ ಸ್ಥಾನವನ್ನು ಪಡೆದುವು. ಅದಕ್ಕೆ ಕಾರಣಳಾದವಳು ಆ ಮನೆಯಲ್ಲಿ ಆಡಿ ಬೆಳೆದ ಒಬ್ಬ ಬಾಲಿಕೆ. ಅವಳ ಹೆಸರು ವರ್ಜಿನಿಯಾ ಸ್ಟೀಫನ್. ಮದುವೆಯ ನಂತರ ಆಕೆ ವರ್ಜಿನಿಯಾ ವೂಲ್ಫ್ ಎಂಬ ಹೆಸರಿನಿಂದ ಜಗತ್ತಿಗೆ ಪರಿಚಿತಳಾದಳು.

ವರ್ಜಿನಿಯಾಳ ತಂದೆ ಲೆಸ್ಲಿ ಸ್ಟೀಫನ್ ಹೆಸರಾಂತ ವಿಮರ್ಶಕ, ಪರ್ವತಾರೋಹಿ, ಇಂಗ್ಲೆಂಡಿನ ರಾಷ್ಟ್ರೀಯ ಜೀವನಚರಿತ್ರ ಕೋಶದ ಮೊದಲ ಸಂಪಾದಕ. ತಾಯಿ ಜೂಲಿಯಾ 1846ರಲ್ಲಿ ನಮ್ಮ ಕಲ್ಕತ್ತೆಯಲ್ಲಿ ಜನಿಸಿದವಳು. ಇವರಿಬ್ಬರಿಗೂ ಇದು ಎರಡನೆಯ ವಿವಾಹ. ಲೆಸ್ಲಿಯ ಮೊದಲ ಪತ್ನಿ ಕಾದಂಬರಿಕಾರ ಥ್ಯಾಕರೆಯ ಮಗಳು. ಆಕೆ 1875ರಲ್ಲಿ ಲಾರಾ ಎಂಬ ಮಗುವನ್ನು ಬಿಟ್ಟು ತೀರಿಕೊಂಡಿದ್ದಳು. ಜೂಲಿಯಾಳಿಗೆ ಮೊದಲ ಪತಿಯಿಂದ ಜಾರ್ಜ್, ಸ್ಟೆಲಾ, ಜೆರಾಲ್ಡ್ ಎಂಬ ಮೂವರು ಮಕ್ಕಳಿದ್ದರು. 1878ರಲ್ಲಿ ಇವರಿಬ್ಬರ ವಿವಾಹವಾಯಿತು. ವನೆಸಾ, ಥೋಬಿ, ವರ್ಜಿನಿಯಾ, ಏಡ್ರಿಯನ್ ಎಂಬ ನಾಲ್ವರು ಮಕ್ಕಳು ಹುಟ್ಟಿದರು. ಹೀಗೆ ಮೂರು ದಾಂಪತ್ಯಗಳ ಎಂಟು ಮಕ್ಕಳು ಒಂದೇ ಸೂರಿನ ಕೆಳಗೆ ಸೇರಿದರು. ಕುಟುಂಬದ ವಾಸ ಲಂಡನ್ನಿನಲ್ಲಿ. ಆದರೆ ವರ್ಜಿನಿಯಾ ಹುಟ್ಟಿದ 1882ನೆಯ ವರ್ಷದಿಂದ 1894ರವರೆಗೆ ಪ್ರತಿಯೊಂದು ಬೇಸಗೆಯಲ್ಲಿಯೂ ಅವರು ಟಾಲಂಡ್ ಹೌಸಿಗೆ ಬಂದು ತಂಗುತ್ತಿದ್ದರು.

ಆ ಬೇಸಗೆಗಳು ಮಕ್ಕಳ ಪಾಲಿಗೆ ಸ್ವರ್ಗವಾಗಿದ್ದುವು. ಹಸುರು ಬೇಲಿಗಳಿಂದ ತುಂಡುತುಂಡಾಗಿ ಬೇರ್ಪಟ್ಟ ತೋಟ, ಸಂಜೆಯ ಕ್ರಿಕೆಟ್ ಆಟ, ದೋಣಿ ವಿಹಾರ, ಮರಳು ದಂಡೆ, ಬಂದು ಹೋಗುವ ಅತಿಥಿಗಳು, ಎಲ್ಲದರ ನಡುವೆ ಅತ್ತಿಂದಿತ್ತ ಓಡಾಡುವ ತಾಯಿ. ಮುಂಜಾನೆ ಅರೆನಿದ್ದೆಯಲ್ಲಿ ಹಾಸಿಗೆಯ ಮೇಲೆ ಮಲಗಿ ಅಲೆಗಳು ದಡಕ್ಕೆ ಬಡಿಯುವ ಸದ್ದನ್ನು ಕೇಳಿದ್ದೇ ತನ್ನ ಜೀವನದ ಅತ್ಯಂತ ಮುಖ್ಯವಾದ ನೆನಪೆಂದು ವರ್ಜಿನಿಯಾ ಮುಂದೆ ಹೇಳಿಕೊಂಡಿದ್ದಾಳೆ. 1891ರಲ್ಲಿ ಮಕ್ಕಳು ಮನೆಯವರಿಗಾಗಿ ಒಂದು ಕೈಬರಹದ ಪತ್ರಿಕೆಯನ್ನು ಆರಂಭಿಸಿದರು. 1892ರ ಸೆಪ್ಟೆಂಬರ್ ತಿಂಗಳ ಸಂಚಿಕೆಯಲ್ಲಿ ಒಂದು ಚಿಕ್ಕ ಸುದ್ದಿಯಿದೆ: ಗಾಳಿಯೂ ನೀರೂ ಅನುಕೂಲವಾಗಿದ್ದ ಒಂದು ದಿನ ಥೋಬಿಗೂ ವರ್ಜಿನಿಯಾಳಿಗೂ ದೀಪಸ್ತಂಭಕ್ಕೆ ಹೋಗಲು ಕರೆ ಬಂದಿತು, ಇನ್ನೂ ಒಂಬತ್ತು ತುಂಬದ ಏಡ್ರಿಯನ್ನನಿಗೆ ಅಪ್ಪಣೆ ದೊರೆಯದೆ ಆತ ಬಹಳ ನಿರಾಶನಾದನು. ಮಕ್ಕಳ ಪತ್ರಿಕೆಯ ಈ ಎರಡು ಸಾಲಿನ ಸುದ್ದಿಯು ಮೂವತ್ತೈದು ವರ್ಷಗಳ ತರುವಾಯ ಒಂದು ಮಹಾಕೃತಿಯಾಗಿ ಬೆಳೆಯಿತು.

1895ರ ಮೇ 5ರಂದು ಜೂಲಿಯಾ ತೀರಿಕೊಂಡಳು. ಆಗ ವರ್ಜಿನಿಯಾಳಿಗೆ ಹದಿಮೂರು ವರ್ಷ. ಅಷ್ಟರಲ್ಲಿಯೇ ಮನೆಯ ಮುಂದೆ ಒಂದು ದೊಡ್ಡ ಹೋಟೆಲು ಎದ್ದು ಕಡಲಿನ ನೋಟವು ಮರೆಯಾಗಿದ್ದಿತು. ತಾಯಿಯಿಲ್ಲದ ಆ ಮನೆಗೆ ಹೋಗುವ ಮನಸ್ಸು ಯಾರಿಗೂ ಉಳಿಯಲಿಲ್ಲ, ಗೇಣಿಯನ್ನು ಬಿಟ್ಟುಕೊಟ್ಟರು. ತಾಯಿಯ ಸ್ಥಾನದಲ್ಲಿ ನಿಂತು ಮನೆಯನ್ನು ನಡೆಸುತ್ತಿದ್ದ ಸ್ಟೆಲಾ 1897ರಲ್ಲಿ, ಮದುವೆಯಾದ ಮೂರೇ ತಿಂಗಳಿಗೆ ತೀರಿಹೋದಳು. ತಂದೆಯ ದುಃಖವು ಇಡೀ ಮನೆಯನ್ನು ಆವರಿಸಿತು. ಆತನು ಬಿಕ್ಕಿ ಅಳುವನು. ಮಕ್ಕಳಿಂದ ಅನುಕಂಪವನ್ನು ಬೇಡುವನು. ಬುಧವಾರ ಬಂತೆಂದರೆ ವಾರದ ಮನೆಖರ್ಚಿನ ಲೆಕ್ಕವನ್ನು ನೋಡಿ, ಮನೆ ಮುಳುಗಿಹೋಯಿತೆಂದು ವನೆಸಾಳ ಮೇಲೆ ಕೂಗಾಡುವನು. ಮಕ್ಕಳ ಕಣ್ಣಿಗೆ ತಾಯಿ ದೇವತೆಯಾದಳು; ತಂದೆ ನಿರಂಕುಶ ಪ್ರಭುವಾದನು. ಹೀಗೆ ಒಬ್ಬರನ್ನು ಪೂಜಿಸಿ ಒಬ್ಬರನ್ನು ದ್ವೇಷಿಸುವುದರಲ್ಲಿಯೇ ವರ್ಜಿನಿಯಾಳ ತಾರುಣ್ಯ ಕಳೆಯಿತು. ಆಕೆಯ ಮನಸ್ಸು ಒಂದೆರಡು ಬಾರಿ ತೀವ್ರವಾದ ಅಸ್ವಸ್ಥತೆಗೂ ಒಳಗಾಯಿತು.

1904ರಲ್ಲಿ ಲೆಸ್ಲಿ ಸ್ಟೀಫನ್ ಮರಣ ಹೊಂದಿದನು. ಆತನ ಜೀವನಚರಿತ್ರೆಯನ್ನು ಬರೆಯುವ ಹೊಣೆಯನ್ನು ಇತಿಹಾಸಕಾರ ಮೇಟ್‌ಲಂಡ್ ವಹಿಸಿಕೊಂಡನು. ದಂಪತಿಗಳ ಖಾಸಗಿ ಪತ್ರಗಳನ್ನು ಓದಿ, ಪ್ರಕಟಿಸಬಹುದಾದ ಭಾಗಗಳನ್ನು ನಕಲು ಮಾಡಿಕೊಡುವ ಕೆಲಸವು ವರ್ಜಿನಿಯಾಳ ಪಾಲಿಗೆ ಬಂದಿತು. ಆಗ ಆಕೆಗೆ ಇಪ್ಪತ್ತೆರಡು ವರ್ಷ. ತಂದೆತಾಯಿಗಳು ತಂದೆತಾಯಿಗಳಾಗುವುದಕ್ಕೆ ಮುಂಚೆ ಏನಾಗಿದ್ದರೆಂಬುದು ಮಕ್ಕಳಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ಹಳೆಯ ಕಾಗದಗಳಲ್ಲಿ ಆಕೆಗೆ ಎದುರಾದವರು ಮನೆಯಲ್ಲಿ ಕಂಡ ಆ ಹಿರಿಯರಲ್ಲ. ತಮ್ಮ ತಮ್ಮ ಸಂಗಾತಿಯನ್ನು ಕಳೆದುಕೊಂಡು, ಬದುಕನ್ನು ಮತ್ತೊಮ್ಮೆ ಕಟ್ಟಲು ಅಂಜುತ್ತ, ಒಬ್ಬರಿಗೊಬ್ಬರು ಪತ್ರ ಬರೆಯುತ್ತಿದ್ದ ಇಬ್ಬರು ನೊಂದ ಮನುಷ್ಯರು.

ಮರುವರ್ಷ, ಎಂದರೆ 1905ರ ಆಗಸ್ಟ್ ತಿಂಗಳಲ್ಲಿ, ವನೆಸಾ, ಥೋಬಿ, ವರ್ಜಿನಿಯಾ, ಏಡ್ರಿಯನ್ ನಾಲ್ವರೂ ಕಾರ್ನ್‌ವಾಲಿಗೆ ಮರಳಿದರು. ಸೇಂಟ್ ಐವ್ಸಿನ ಸಮೀಪದ ಕಾರ್ಬಿಸ್ ಬೇ ಎಂಬಲ್ಲಿ ಅವರ ಬಿಡಾರ. ಬಂದ ರಾತ್ರಿಯೇ ಮಬ್ಬುಗತ್ತಲೆಯಲ್ಲಿ ನಡೆದು ಹೋಗಿ ಹಳೆಯ ಮನೆಯ ಗೇಟನ್ನು ತೆರೆದು ಒಳಗೆ ಕಾಲಿಟ್ಟರು. ಅದೇ ದಾರಿ, ಅದೇ ಕಲ್ಲಿನ ಹೂದಾನಿಗಳು, ಅದೇ ಬೇಲಿ. ಬೆಳಿಗ್ಗೆಯಷ್ಟೇ ಹೊರಟು ಹೋಗಿ ಸಂಜೆಗೆ ಹಿಂದಿರುಗಿದಂತೆ ಅವರಿಗೆ ತೋರಿತು. ಬೇಲಿಯ ಸಂದಿನಿಂದ ನೋಡಿದರೆ ಕಿಟಕಿಗಳಲ್ಲಿ ದೀಪಗಳಿದ್ದುವು. ಆದರೆ ಆ ದೀಪಗಳು ಅವರವಲ್ಲ. ಒಳಗಿನ ಧ್ವನಿಗಳು ಅಪರಿಚಿತರವು. ಇನ್ನೊಂದು ಹೆಜ್ಜೆ ಮುಂದಿಟ್ಟರೆ ಕನಸು ಒಡೆದು ಹೋಗುವುದೆಂದು ಅವರಿಗೆ ತಿಳಿದಿತ್ತು. ಬೇಲಿಯ ನೆರಳಿನಲ್ಲಿ ಪ್ರೇತಗಳಂತೆ ಸ್ವಲ್ಪ ಹೊತ್ತು ನಿಂತಿದ್ದು, ಯಾರದೋ ಹೆಜ್ಜೆಯ ಸಪ್ಪಳ ಕೇಳಿದೊಡನೆ ಹಿಂದಿರುಗಿದರು. ಈ ಸಂದರ್ಭವನ್ನು ವರ್ಜಿನಿಯಾ ತನ್ನ ದಿನಚರಿಯಲ್ಲಿ ದಾಖಲಿಸಿದ್ದಾಳೆ.

ಬಾಲ್ಯದ ಮನೆಗೆ ಮರಳಿದವರು ಸಾಮಾನ್ಯವಾಗಿ ಅಟ್ಟವನ್ನು ಹತ್ತಿ ಹಳೆಯ ಪೆಟ್ಟಿಗೆಯನ್ನು ತೆರೆಯುತ್ತಾರೆ; ಅಲ್ಲಿ ಯಾವುದೋ ರಹಸ್ಯವು ದೊರೆಯುತ್ತದೆ. ಕತೆಗಳಲ್ಲಿ ಹೀಗೆ ನಡೆಯುತ್ತದೆ. ವರ್ಜಿನಿಯಾಳಿಗಾದರೋ ಮನೆಯೊಳಕ್ಕೆ ಹೋಗುವ ಅವಕಾಶವೇ ಇರಲಿಲ್ಲ. ಆಕೆ ಹುಡುಕಬೇಕಾಗಿದ್ದುದು ನೆನಪಿನ ಅಟ್ಟದಲ್ಲಿ. ಕಂಡೂ ಅರ್ಥವಾಗದೆ ಹೋದುದು, ಕೇಳಿಯೂ ಕಿವಿಗೊಡದೆ ಬಿಟ್ಟುದು, ಹಿರಿಯರು ಆಡದೆ ನುಂಗಿಕೊಂಡುದು, ಇವೆಲ್ಲವನ್ನೂ ಜೋಡಿಸಿ ನೋಡುವ ಕಾರ್ಯಕ್ಕೆ ಆಕೆಗೆ ಮತ್ತೆ ಇಪ್ಪತ್ತು ವರ್ಷಗಳು ಹಿಡಿದುವು.

ಮೊದಲನೆಯ ರಹಸ್ಯವು ತಾಯಿಯದು. ಜೂಲಿಯಾಳ ಮೊದಲ ಪತಿ ಹರ್ಬರ್ಟ್ ಡಕ್‌ವರ್ತ್ ಎಂಬ ವಕೀಲ. 1867ರಲ್ಲಿ ಅವರ ಮದುವೆಯಾಯಿತು. 1870ರಲ್ಲಿ ಆತನು ಅಕಸ್ಮಾತ್ತಾಗಿ ಮರಣ ಹೊಂದಿದನು. ಆಗ ಆಕೆಗೆ ಇಪ್ಪತ್ತನಾಲ್ಕು ವರ್ಷ. ಕೊನೆಯ ಮಗು ಇನ್ನೂ ಹುಟ್ಟಿರಲಿಲ್ಲ. ದೇವರಲ್ಲಿಟ್ಟಿದ್ದ ನಂಬಿಕೆಯೂ ಆಕೆಯಿಂದ ದೂರವಾಯಿತು. ಅಂದಿನಿಂದ ಆಕೆ ರೋಗಿಗಳ ಮತ್ತು ಬಡವರ ಶುಶ್ರೂಷೆಯಲ್ಲಿ ತನ್ನನ್ನು ತೊಡಗಿಸಿಕೊಂಡಳು. 1883ರಲ್ಲಿ ರೋಗಿಗಳ ಆರೈಕೆಯ ಬಗೆಗೆ ಒಂದು ಸಣ್ಣ ಪುಸ್ತಕವನ್ನೂ ಬರೆದಳು. ಇದನ್ನೆಲ್ಲ ಮಕ್ಕಳು ತಾಯಿಯ ಸ್ವಭಾವವೆಂದೇ ಭಾವಿಸಿದ್ದರು. ಆದರೆ ಒಮ್ಮೆ ಸ್ಟೆಲಾ ತನ್ನ ತಂಗಿಗೆ ಒಂದು ಮಾತನ್ನು ಹೇಳಿದ್ದಳು: ಆ ದಿನಗಳಲ್ಲಿ ತಾಯಿಯು ಹರ್ಬರ್ಟನ ಸಮಾಧಿಯ ಮೇಲೆ ಹೋಗಿ ಮಲಗುತ್ತಿದ್ದಳಂತೆ. ಮನಸ್ಸಿನಲ್ಲಿರುವುದನ್ನು ಸುಲಭವಾಗಿ ಹೊರಗೆಡಹದ ಆ ಹೆಂಗಸಿನ ವಿಷಯದಲ್ಲಿ ಇಂಥ ಮಾತನ್ನು ಊಹಿಸುವುದೂ ಕಷ್ಟವಾಗಿದ್ದಿತು. ಇದೊಂದೇ ಮಾತು ವರ್ಜಿನಿಯಾಳ ಮನಸ್ಸಿನಲ್ಲಿ ನಾಲ್ಕು ದಶಕಗಳ ಕಾಲ ಉಳಿಯಿತು. ಎಂಟು ಮಕ್ಕಳ ಗದ್ದಲದ ನಡುವೆ ನಗುನಗುತ್ತ ಓಡಾಡುತ್ತಿದ್ದ ತಾಯಿಯ ಮುಖವು, ಯಾರೂ ನೋಡದಿರುವಾಗ ಏಕೆ ಅಷ್ಟು ಖಿನ್ನವಾಗುತ್ತಿತ್ತೆಂಬುದಕ್ಕೆ ಆಕೆಗೆ ಉತ್ತರ ದೊರೆಯಿತು. ಮಕ್ಕಳು ಹುಟ್ಟುವ ಮೊದಲೇ ತಾಯಿಯು ಒಂದು ಬದುಕನ್ನು ಬಾಳಿ ಕಳೆದುಕೊಂಡಿದ್ದಳು.

ಎರಡನೆಯ ರಹಸ್ಯವು ತಂದೆಯದು. ಪತ್ನಿಯು ತೀರಿಕೊಂಡ ಕೆಲವೇ ವಾರಗಳಲ್ಲಿ ಲೆಸ್ಲಿ ಸ್ಟೀಫನ್ ಬಾಗಿಲು ಮುಚ್ಚಿಕೊಂಡು, ಜೂಲಿಯಾಳ ಮಕ್ಕಳನ್ನು ಉದ್ದೇಶಿಸಿ ಒಂದು ದೀರ್ಘವಾದ ಪತ್ರವನ್ನು ಬರೆಯತೊಡಗಿದನು. ಮಕ್ಕಳು ಅದಕ್ಕೆ 'ಗೋರಿಯ ಪುಸ್ತಕ' ಎಂಬರ್ಥದ ಅಡ್ಡಹೆಸರನ್ನಿಟ್ಟರು. ಅದರಲ್ಲಿ ಆತ ಜೂಲಿಯಾಳ ಮೊದಲ ದಾಂಪತ್ಯವನ್ನೂ ಆಕೆ ಅನುಭವಿಸಿದ ಶೂನ್ಯವನ್ನೂ ಮತ್ಸರವಿಲ್ಲದೆ ಬರೆದನು. ತನ್ನ ಬೇಸರ, ಹಣದ ಚಿಂತೆ, ಹೊಗಳಿಕೆಯ ಹಂಬಲ ಇವುಗಳಿಂದ ಆಕೆಗೆಷ್ಟು ಆಯಾಸವಾಗಿರಬಹುದೆಂದು ತನ್ನನ್ನು ತಾನೇ ಪ್ರಶ್ನಿಸಿಕೊಂಡನು. ಕೂಗಾಡುವ ತಂದೆಯನ್ನು ಮಕ್ಕಳೆಲ್ಲರೂ ಕಂಡಿದ್ದರು. ಹೊರಗೆ ಅಷ್ಟು ಆರ್ಭಟಿಸುತ್ತಿದ್ದವನು ಒಳಗೆ ಪಶ್ಚಾತ್ತಾಪದಿಂದ ಬೇಯುತ್ತಿದ್ದನೆಂಬುದು ಅವರಿಗೆ ಅರ್ಥವಾದುದು ತಡವಾಗಿ. ಪಶ್ಚಾತ್ತಾಪದಿಂದ ಆತನ ತಪ್ಪುಗಳೇನೂ ಅಳಿಸಿಹೋಗುವುದಿಲ್ಲ. ಬುಧವಾರದ ಕೂಗಾಟವನ್ನು ವರ್ಜಿನಿಯಾ ಎಂದಿಗೂ ಮನ್ನಿಸಲಿಲ್ಲ. ಆದರೆ ಆ ಕೋಪದೊಂದಿಗೆ ಪ್ರೀತಿಯೂ ತನ್ನಲ್ಲಿದ್ದಿತೆಂಬುದನ್ನು ಒಪ್ಪಿಕೊಳ್ಳುವ ಧೈರ್ಯವನ್ನು ಆಕೆ ಮೆಲ್ಲಮೆಲ್ಲನೆ ಸಂಪಾದಿಸಿದಳು.

ಹೀಗೆ ಕಂಡುಕೊಂಡ ಸತ್ಯವನ್ನು ಆಕೆ ಕಾದಂಬರಿಯ ರೂಪದಲ್ಲಿ ಬರೆದಳು. 'ಟು ದಿ ಲೈಟ್‌ಹೌಸ್', ಎಂದರೆ 'ದೀಪಸ್ತಂಭಕ್ಕೆ', ಎಂಬ ಆ ಕೃತಿಯು 1927ರ ಮೇ 5ರಂದು, ತಾಯಿಯು ತೀರಿಕೊಂಡ ದಿನದಂದೇ, ಪ್ರಕಟವಾಯಿತು. ಕತೆಯು ನಡೆಯುವುದು ಸ್ಕಾಟ್ಲೆಂಡಿನ ಒಂದು ದ್ವೀಪದಲ್ಲಿ. ಆದರೆ ಅಲ್ಲಿನ ಮನೆ, ತೋಟ, ಕೊಲ್ಲಿ, ದೀಪ ಎಲ್ಲವೂ ಸೇಂಟ್ ಐವ್ಸಿನವೇ. ರಾಮ್ಸೆ ದಂಪತಿಗಳಿಗೂ ಎಂಟು ಮಕ್ಕಳು. ಕಿರಿಯ ಮಗ ಜೇಮ್ಸನಿಗೆ ಮರುದಿನ ದೀಪಸ್ತಂಭಕ್ಕೆ ಹೋಗುವಾಸೆ. ಹವೆ ಚೆನ್ನಾಗಿದ್ದರೆ ಹೋಗೋಣವೆಂದು ತಾಯಿ ಭರವಸೆ ಕೊಡುತ್ತಾಳೆ; ಹವೆ ಚೆನ್ನಾಗಿರುವುದಿಲ್ಲವೆಂದು ತಂದೆ ಕಡ್ಡಿ ಮುರಿದಂತೆ ಹೇಳುತ್ತಾನೆ. ಹುಡುಗನ ಮನಸ್ಸಿನಲ್ಲಿ ದ್ವೇಷವು ಮೂಡುತ್ತದೆ. ಆಮೇಲೆ ಹತ್ತು ವರ್ಷಗಳು ಸರಿಯುತ್ತವೆ. ತಾಯಿ ಸಾಯುತ್ತಾಳೆ, ಮಕ್ಕಳಲ್ಲಿ ಇಬ್ಬರು ಸಾಯುತ್ತಾರೆ, ಮನೆಯು ಧೂಳು ಹಿಡಿದು ಪಾಳುಬೀಳುತ್ತದೆ. ಕೊನೆಗೆ ಉಳಿದವರು ಆ ಮನೆಗೆ ಮರಳುತ್ತಾರೆ. ಮುದಿಯಾದ ತಂದೆಯು ಬೆಳೆದ ಮಗನನ್ನೂ ಮಗಳನ್ನೂ ಕರೆದುಕೊಂಡು ದೀಪಸ್ತಂಭಕ್ಕೆ ದೋಣಿಯಲ್ಲಿ ಹೊರಡುತ್ತಾನೆ. ಚುಕ್ಕಾಣಿ ಹಿಡಿದ ಮಗನಿಗೆ, ದಡ ಸೇರುವ ಹೊತ್ತಿಗೆ, ಆ ತಂದೆಯ ಬಾಯಿಂದ ಒಂದು ಸಣ್ಣ ಮೆಚ್ಚುಗೆಯ ಮಾತು ಬರುತ್ತದೆ. ಅಷ್ಟೇ. ಜೀವಮಾನವೆಲ್ಲ ಕಾದಿದ್ದ ಮಾತು ಅದೆಂದು ಓದುಗರಿಗೆ ತಿಳಿಯುತ್ತದೆ.

ರಾಮ್ಸೆಯ ಪತ್ನಿಯ ಸೌಂದರ್ಯದ ಹಿಂದೆ ಏನೋ ದುಃಖವಿದೆಯೆಂದು ಕಾದಂಬರಿಯಲ್ಲಿ ಜನರು ಪಿಸುಗುಟ್ಟುತ್ತಾರೆ. ಹಿಂದೆ ಆಕೆಯನ್ನು ಪ್ರೀತಿಸಿದವನಾರೋ ಸತ್ತುಹೋಗಿರಬಹುದೇ ಎಂದು ಕೇಳುತ್ತಾರೆ. ಲೇಖಕಿಗೆ ಉತ್ತರವು ಗೊತ್ತಿದ್ದರೂ ಆಕೆ ಅದನ್ನು ಹೇಳುವುದಿಲ್ಲ. ತಾಯಿಯು ತಾನಾಗಿ ಆಡದ ಮಾತನ್ನು ಮಗಳೂ ಆಡದೆ ಕಾಪಾಡಿದ್ದಾಳೆ. ಪುಸ್ತಕವನ್ನು ಓದಿದ ಅಕ್ಕ ವನೆಸಾ, ತಾಯಿಯನ್ನು ಸತ್ತವರ ಲೋಕದಿಂದ ಎಬ್ಬಿಸಿ ಎದುರಿಗೆ ನಿಲ್ಲಿಸಿದಂತಿದೆಯೆಂದು ಪತ್ರ ಬರೆದಳು. ತಂದೆಯ ಚಿತ್ರವೂ ಅಷ್ಟೇ ಸ್ಪಷ್ಟವಾಗಿದೆಯೆಂದು ತಿಳಿಸಿದಳು. ಹದಿಮೂರನೆಯ ವಯಸ್ಸಿನಿಂದ ನಲವತ್ತನಾಲ್ಕರವರೆಗೆ ತಾಯಿಯ ನೆನಪು ತನ್ನನ್ನು ಬಿಡದೆ ಕಾಡುತ್ತಿತ್ತೆಂದೂ ಈ ಪುಸ್ತಕವನ್ನು ಬರೆದು ಮುಗಿಸಿದ ಮೇಲೆ ಆ ಕಾಟವು ನಿಂತುಹೋಯಿತೆಂದೂ ವರ್ಜಿನಿಯಾ ತನ್ನ ಸ್ಮೃತಿಗಳಲ್ಲಿ ಹೇಳಿದ್ದಾಳೆ.

ಆದರೆ ಆ ಮನೆಯಲ್ಲಿ ಇನ್ನೊಂದು ಬಾಗಿಲಿದ್ದಿತು. ಅದನ್ನು ಆಕೆಯೂ ತೆರೆಯಲಿಲ್ಲ. ಲೆಸ್ಲಿಯ ಮೊದಲ ಮಗಳು ಲಾರಾ 1870ರಲ್ಲಿ ಹುಟ್ಟಿದವಳು. ಅವಳ ಬುದ್ಧಿಯು ಇತರ ಮಕ್ಕಳಂತೆ ಬೆಳೆಯಲಿಲ್ಲ. ವಿದ್ವಾಂಸನಾದ ತಂದೆಯು ಅವಳಿಗೆ ಓದು ಕಲಿಸಲು ಯತ್ನಿಸಿ ಪದೇ ಪದೇ ತಾಳ್ಮೆಗೆಟ್ಟನು. ಮಗುವಿನ ಅಶಕ್ತತೆಯನ್ನು ಹಟವೆಂದು ತಿಳಿಯುತ್ತಿದ್ದ ಕಾಲವದು. ಅವಳನ್ನು ಮೊದಲು ಮನೆಯಲ್ಲಿಯೇ ಇತರರಿಂದ ಬೇರೆಯಾಗಿ ಇರಿಸಿದರು. ಬಳಿಕ ಚಿಕಿತ್ಸಾಗೃಹಗಳಿಗೆ ಒಪ್ಪಿಸಿದರು. ಅವಳು ತನ್ನ ಉಳಿದ ಆಯುಷ್ಯವನ್ನೆಲ್ಲ ಅಂಥ ಸ್ಥಳಗಳಲ್ಲಿಯೇ ಕಳೆದು 1945ರಲ್ಲಿ, ವರ್ಜಿನಿಯಾ ತೀರಿಕೊಂಡ ನಾಲ್ಕು ವರ್ಷಗಳ ನಂತರ, ಕಣ್ಣು ಮುಚ್ಚಿದಳು. ಇಡೀ ಮನೆಯನ್ನು ಅಷ್ಟು ಸೂಕ್ಷ್ಮವಾಗಿ ಚಿತ್ರಿಸಿದ ವರ್ಜಿನಿಯಾ ಈ ಅಕ್ಕನ ವಿಷಯದಲ್ಲಿ ಬರೆದುದು ಕೆಲವೇ ಮಾತುಗಳನ್ನು, ಅವುಗಳಲ್ಲಿ ಮರುಕವಿಲ್ಲ. ಕಾದಂಬರಿಯ ಎಂಟು ಮಕ್ಕಳಲ್ಲಿ ಲಾರಾಳಂಥ ಮಗುವೊಂದೂ ಇಲ್ಲ. ತನ್ನ ಮನಸ್ಸಿನ ಅಸ್ವಸ್ಥತೆಗೆ ಸದಾ ಅಂಜುತ್ತಿದ್ದ ಆಕೆಗೆ ಆ ಹೆಸರೇ ಭಯವನ್ನು ತಂದಿದ್ದಿರಬಹುದು. ಕಾರಣವೇನೇ ಇರಲಿ, ತಾಯಿಯ ಮೌನವನ್ನು ಅರಿತ ಮಗಳು, ಮಾತೇ ಬಾರದವಳಂತೆ ಬದಿಗೆ ಸರಿದವಳ ಮೌನವನ್ನು ಅರಿಯಲಿಲ್ಲ. ಲಾರಾಳ ಕತೆಯನ್ನು ಮುಂದಿನ ತಲೆಮಾರಿನ ವಿದ್ವಾಂಸರು ಪತ್ರಗಳಿಂದಲೂ ದಾಖಲೆಗಳಿಂದಲೂ ಹೆಕ್ಕಿ ತೆಗೆಯಬೇಕಾಯಿತು.

1939ರ ಏಪ್ರಿಲಿನಲ್ಲಿ ವನೆಸಾಳ ಒತ್ತಾಯದಿಂದ ವರ್ಜಿನಿಯಾ ತನ್ನ ಬಾಲ್ಯದ ಸ್ಮೃತಿಗಳನ್ನು ಬರೆಯತೊಡಗಿದಳು. ಅಷ್ಟರಲ್ಲಿ ಮಹಾಯುದ್ಧವು ಪ್ರಾರಂಭವಾಯಿತು. ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದ ದಿನಗಳಲ್ಲಿಯೂ ಆಕೆ ಬಿಡುವಾದಾಗ ಆ ಹಾಳೆಗಳನ್ನು ಮುಂದುವರಿಸಿದಳು; ಕೆಲವೆಡೆ ಬರೆದ ದಿನದ ತಾರೀಖನ್ನೂ ನಮೂದಿಸಿದಳು. ನಿನ್ನಿನದನ್ನು ನೋಡುವ ಕಣ್ಣು ಇಂದಿನದು. ಇಂದು ಬದಲಾದರೆ ನಿನ್ನಿನ ಅರ್ಥವೂ ಬದಲಾಗುವುದೆಂಬುದು ಆಕೆಯ ತಿಳಿವಳಿಕೆಯಾಗಿದ್ದಿತು. ಆ ಬರಹವು ಪೂರ್ಣಗೊಳ್ಳುವ ಮೊದಲೇ, 1941ರ ಮಾರ್ಚ್ 28ರಂದು, ಆಕೆಯ ಜೀವನವು ಮುಗಿಯಿತು. ಸ್ಮೃತಿಗಳು 1976ರಲ್ಲಿ ಅಚ್ಚಾದುವು. ಮರುವರ್ಷ, 1977ರಲ್ಲಿ, ತಂದೆಯ 'ಗೋರಿಯ ಪುಸ್ತಕ'ವೂ ಹೊರಬಂದಿತು. ಮಗಳ ದೂರನ್ನೂ ತಂದೆಯ ಅಳಲನ್ನೂ ಅಕ್ಕಪಕ್ಕದಲ್ಲಿಟ್ಟು ಓದುವ ಅವಕಾಶವು ಲೋಕಕ್ಕೆ ದೊರೆಯಿತು. ಎರಡನ್ನೂ ಓದಿದವರು ಇಬ್ಬರಲ್ಲಿ ಒಬ್ಬರನ್ನಷ್ಟೇ ನಂಬಿ ಏಳುವುದು ಸಾಧ್ಯವಿಲ್ಲ.

ಪ್ರತಿಯೊಂದು ಕುಟುಂಬದಲ್ಲಿಯೂ ಹೇಳದೆ ಉಳಿದ ಮಾತುಗಳಿರುತ್ತವೆ. ಅವುಗಳಲ್ಲಿ ಕೆಲವು ನಾಚಿಕೆಯಿಂದ ಮುಚ್ಚಿಟ್ಟವು. ಹಲವು ದುಃಖದಿಂದ ಮುಚ್ಚಿಟ್ಟವು. ಬೆಳೆದ ಮಕ್ಕಳು ಅವುಗಳನ್ನು ಅರಿಯಲು ಹೊರಡುವುದು ತಪ್ಪಲ್ಲ. ಆದರೆ ತಿಳಿದ ಮೇಲೆ ಮಾಡಬೇಕಾದ ಕೆಲಸವು ತಿಳಿಯುವುದಕ್ಕಿಂತ ದೊಡ್ಡದು. ಹಿರಿಯರನ್ನು ಪೀಠದ ಮೇಲಿರಿಸಿ ಪೂಜಿಸುವುದು ಸುಲಭ. ಕಟಕಟೆಯಲ್ಲಿ ನಿಲ್ಲಿಸಿ ದಂಡಿಸುವುದೂ ಸುಲಭ. ಅವರೂ ಒಂದು ಕಾಲದಲ್ಲಿ ನಮ್ಮಂತೆಯೇ ಅಂಜಿದವರು, ಆಸೆಪಟ್ಟವರು, ಎಡವಿದವರು ಎಂದು ತಿಳಿದು, ಅವರ ತಪ್ಪನ್ನು ತಪ್ಪೆಂದೇ ಹೇಳಿ, ಅವರ ನೋವನ್ನು ನೋವೆಂದೇ ಕಾಣುವುದು ಕಷ್ಟವಾದುದು. ವರ್ಜಿನಿಯಾ ವೂಲ್ಫ್ ತನ್ನ ತಂದೆತಾಯಿಗಳ ವಿಷಯದಲ್ಲಿ ಆ ಕಷ್ಟದ ಕೆಲಸವನ್ನು ಮಾಡಿದಳು. ಲಾರಾಳ ವಿಷಯದಲ್ಲಿ ಅದು ಆಕೆಯಿಂದ ಆಗಲಿಲ್ಲ. ಗಾಡ್ರೆವಿಯ ದೀಪವನ್ನು 2012ರಲ್ಲಿ ಹಳೆಯ ಸ್ತಂಭದಿಂದ ಪಕ್ಕದ ಬಂಡೆಯ ಮೇಲಣ ಉಕ್ಕಿನ ಕಟ್ಟೆಗೆ ವರ್ಗಾಯಿಸಿದರು. ದೀಪವಿಲ್ಲದ ಬಿಳಿಯ ಸ್ತಂಭವನ್ನು ನೋಡಲು ಓದುಗರು ಇಂದಿಗೂ ಅಲ್ಲಿಗೆ ಹೋಗುತ್ತಾರೆ. ಎಂಟು ಮಕ್ಕಳಿದ್ದ ಆ ಮನೆಯನ್ನು ನೆನೆಯುವವರು ಎಂಟನೆಯ ಹೆಸರನ್ನೂ ನೆನೆಯುವುದು ನ್ಯಾಯ.